ಮೊಂಡು ಸೂಜಿ

ಮಾರ್ಚ್ ೪, ಮಂಗಳವಾರ

ಅಕ್ಕನ ಮಗಳು ಬಂದಿದ್ದಾಳೆ. ಬಂದವಳು ಕೋಟು ಬಿಚ್ಚುವ ಮೊದಲೇ ಒಂದು ಬಣ್ಣದ ಕಾಗದವನ್ನು ಊಟದ ಮೇಜಿನ ಮೇಲಿಟ್ಟಳು. ಕಾಗದದ ತುಂಬ ಒಂದು ಬೋಳು ತಲೆ, ತಲೆಯ ತುಂಬ ಸೂಜಿ. ಕೆಳಗೆ ದಪ್ಪಕ್ಷರದಲ್ಲಿ, ವಯಸ್ಸಾದಂತೆ ಏರುಪೇರಾಗುವ ಮಿದುಳಿನ ರಸಾಯನವನ್ನು ಅಕ್ಯುಪಂಕ್ಚರ್ ಸರಿದೂಗಿಸಬಲ್ಲದೇ ಎಂದು ಪರೀಕ್ಷಿಸುವ ಅಧ್ಯಯನಕ್ಕೆ ಮರೆವಿರುವ ಹಿರಿಯರು ಬೇಕಾಗಿದ್ದಾರೆ, ಎಂದಿತ್ತು. ಓದಿ ಮುಗಿಸುವ ಹೊತ್ತಿಗೆ ನನ್ನ ಚಹಾ ಆರಿತ್ತು, ತಲೆ ಕಾದಿತ್ತು.

ಪತ್ರಿಕೆಯ ಕಚೇರಿಯಲ್ಲಿ ಸುದ್ದಿ ಕತ್ತರಿಸಿ ಅಂಟಿಸಿಡುವ ವಿಭಾಗದಲ್ಲಿ ಇಡೀ ಆಯುಷ್ಯ ಕಳೆದವಳು ನಾನು. ಈ ಊರಿಗೆ ಬಂದುಹೋದ ಪವಾಡಗಳೆಲ್ಲ ನನ್ನ ಕತ್ತರಿಯ ಬಾಯಿಂದಲೇ ಹಾದುಹೋಗಿವೆ. ಅಯಸ್ಕಾಂತದ ಸೊಂಟಪಟ್ಟಿ ಬಂತು, ತಾಮ್ರದ ಬಳೆ ಬಂತು, ಪರೀಕ್ಷೆಯ ಕಾಲಕ್ಕೆ ಸರಿಯಾಗಿ ನೆನಪಿನ ಶಕ್ತಿಯ ಸಿರಪ್ಪು ಬಂತು, ಕುಳಿತವರಿಗೆ ಯೌವನ ಮರಳಿಸುವ ನಡುಗುವ ಕುರ್ಚಿ ಬಂತು. ಆ ಕುರ್ಚಿಯನ್ನು ಉದ್ಘಾಟಿಸಿದ ಮಂತ್ರಿ ಅದೇ ವರ್ಷ ಹಾಸಿಗೆ ಹಿಡಿದ. ಉದ್ಘಾಟನೆ ಮುಖಪುಟದಲ್ಲಿತ್ತು, ಹಾಸಿಗೆ ಹಿಡಿದದ್ದು ಒಳಪುಟದ ಮೂಲೆಯಲ್ಲಿ. ನಾನು ಎರಡನ್ನೂ ಒಂದೇ ಹಾಳೆಗೆ ಅಂಟಿಸಿದ್ದೆ.

"ಚಿಕ್ಕಮ್ಮ, ಇದು ಅಂಗಡಿಯವರ ಜಾಹೀರಾತಲ್ಲ. ದೊಡ್ಡಾಸ್ಪತ್ರೆಯವರ ಅಧ್ಯಯನ. ಮೂರು ತಿಂಗಳು ಅಷ್ಟೇ," ಅಂದಳು.

"ಮೂರು ತಿಂಗಳು ನಿಮ್ಮಮ್ಮನ ತಲೆ ದರ್ಜಿಯವನ ಸೂಜಿಮೆತ್ತೆ ಆಗ್ಬೇಕಾ?"

ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದ ಅಕ್ಕ ತಲೆಯೆತ್ತಿದಳು. "ಯಾರ ತಲೆ?"

"ನಿಂದು."

"ನನ್ನ ತಲೆ ಆದ್ರೆ ನನ್ನ ಕೇಳಿ. ಸ್ಟಿಯರಿಂಗ್ ನನ್ನ ಕೈಲಿದ್ರೂ ಪಕ್ಕದಲ್ಲಿ ಕೂತು ಕೂಗೋದೇ ಇಬ್ಬರಿಗೂ ಕೆಲಸ."

ಅಕ್ಕ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಳು. ಈ ಊರಿನ ಅರ್ಧ ಜನ ಅವಳ ಬೈಗುಳ ತಿಂದೇ ಕಾರು ಕಲಿತವರು. ಬೆಣ್ಣೆ ಹಚ್ಚಿದ ಬ್ರೆಡ್ಡಿಗೆ ಅವಳು ಮತ್ತೆ ಬೆಣ್ಣೆ ಹಚ್ಚತೊಡಗಿದಳು. ನಾವಿಬ್ಬರೂ ನೋಡದಂತೆ ನೋಡಿದೆವು.

ಹೊರಡುವಾಗ ಬಾಗಿಲಲ್ಲಿ ಅಕ್ಕನ ಮಗಳು ದನಿ ತಗ್ಗಿಸಿ ಹೇಳಿದ್ದು ಇದು. ಅವಳ ಊರಲ್ಲಿ, ಅವಳ ಮನೆಯ ಹತ್ತಿರ, ಮರೆವಿನವರನ್ನು ನೋಡಿಕೊಳ್ಳುವ ಒಂದು ನಿಲಯವಿದೆ. ಜೂನ್‌ನಲ್ಲಿ ಒಂದು ಕೋಣೆ ಖಾಲಿಯಾಗುತ್ತದೆ. "ಅಮ್ಮ ಮೊನ್ನೆ ಗ್ಯಾಸ್ ಹಾಗೇ ಬಿಟ್ಟಿದ್ರಂತೆ. ನಿಮಗೂ ವಯಸ್ಸಾಯ್ತು. ಈ ಅಧ್ಯಯನ ಮುಗಿಯೋವರೆಗೂ ನೋಡ್ತೀನಿ. ಸುಧಾರಿಸಿದ್ರೆ ಇಲ್ಲೇ ಇರ್ಲಿ. ಇಲ್ದಿದ್ರೆ ಕರ್ಕೊಂಡ್ಹೋಗ್ತೀನಿ ಚಿಕ್ಕಮ್ಮ, ಬೇಜಾರು ಮಾಡ್ಕೋಬೇಡಿ."

ಅವಳ ಊರಿಗೆ ಹೋಗಲು ರೈಲಿನಲ್ಲಿ ಒಂದು ಹಗಲು ಪೂರ್ತಿ ಬೇಕು. ಅಂದರೆ ನನ್ನ ಅಕ್ಕ ನನ್ನ ಜೊತೆ ಇರಬೇಕೋ ಬೇಡವೋ ಎನ್ನುವುದನ್ನು ಇನ್ನು ಮೇಲೆ ಸೂಜಿ ತೀರ್ಮಾನಿಸುತ್ತದೆ.

ಮಾರ್ಚ್ ೮, ಶನಿವಾರ

ಗ್ರಂಥಾಲಯಕ್ಕೆ ಹೋಗಿ ಓದಿದೆ. ವಯಸ್ಸಾದಂತೆ, ಅದರಲ್ಲೂ ಮರೆವಿನ ಕಾಯಿಲೆಯಲ್ಲಿ, ಅಸಿಟೈಲ್‌ಕೋಲಿನ್ ಎಂಬ ರಸಾಯನ ಮಿದುಳಿನಲ್ಲಿ ಕಡಿಮೆಯಾಗುತ್ತದಂತೆ. ನೆನಪು ಕೂರುವುದಕ್ಕೆ ಅದು ಬೇಕು. ಡೋಪಮಿನ್ ಕೂಡ ತಗ್ಗುತ್ತದೆ. ಸರಿ, ಒಪ್ಪಿದೆ. ನೆತ್ತಿಗೂ ಮೊಣಕಾಲಿನ ಕೆಳಗೂ ಸೂಜಿ ಚುಚ್ಚಿ ಸಣ್ಣಗೆ ವಿದ್ಯುತ್ ಹರಿಸಿದರೆ ಇವು ಬದಲಾಗುವುದನ್ನು ಕಂಡಿದ್ದಾರಂತೆ. ಎಲ್ಲಿ ಕಂಡರು? ಇಲಿಗಳಲ್ಲಿ. ಮನುಷ್ಯರ ವಿಷಯ ಬಂದಾಗ ಎಲ್ಲ ಪ್ರಬಂಧಗಳ ದನಿಯೂ ಒಟ್ಟಿಗೆ ಕುಗ್ಗುತ್ತದೆ: ಹೆಚ್ಚಿನ ಸಂಶೋಧನೆ ಅಗತ್ಯ.

ಮುದಿ ಇಲಿಗೆ ಮರೆವು ವಾಸಿಯಾಗಿ ಏನಾಗಬೇಕಿದೆ? ಹಳೆಯ ಬೆಕ್ಕಿನ ಮುಖ ನೆನಪಾಗುತ್ತದೆ, ಅಷ್ಟೇ. ಪತ್ರಿಕೆಗೆ ಪತ್ರ ಬರೆಯಲು ಕುಳಿತೆ. ತಲೆಬರಹ ಮಾತ್ರ ಬರೆದೆ: 'ಹಿರಿಯರು ಇಲಿಗಳಲ್ಲ'.

ಮಾರ್ಚ್ ೧೩, ಗುರುವಾರ

ಮೊದಲ ದಿನ. ಆಸ್ಪತ್ರೆಯ ಹಿಂಭಾಗದಲ್ಲಿ ಉದ್ದನೆಯ ಕೋಣೆ. ಸಾಲಾಗಿ ಮಂಚ, ಮಂಚಗಳ ನಡುವೆ ಹಸಿರು ಬಟ್ಟೆಯ ಪರದೆ. ಮಂಚದ ಪಕ್ಕ, ಪರದೆಯ ಈಚೆ, ಜೊತೆಗೆ ಬಂದವರಿಗೆ ಪ್ಲಾಸ್ಟಿಕ್ ಕುರ್ಚಿ.

ಅಧ್ಯಯನ ನಡೆಸುವ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ವಿವರಿಸುವಾಗ ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಾರೆ. ವಾರಕ್ಕೆರಡು ದಿನ ಸೂಜಿ. ಶುರುವಿನಲ್ಲಿ, ಕೊನೆಯಲ್ಲಿ ನೆನಪಿನ ಪರೀಕ್ಷೆ ಮತ್ತು ರಕ್ತ. ಗುರುವಾರ ನನಗೆ ಪ್ರಶ್ನೆ: ಮನೆಯಲ್ಲಿ ಅವರು ಏನೇನು ತಾವಾಗಿ ಮಾಡುತ್ತಾರೆ ಎಂದು.

"ಮಿದುಳಿನ ರಸಾಯನ ತೋಳಿನ ರಕ್ತದಲ್ಲಿ ಹೇಗೆ ಕಾಣುತ್ತೆ? ಅಡುಗೆಮನೇಲಿ ಏನು ಬೇಯ್ತಿದೆ ಅಂತ ಚರಂಡಿ ನೀರು ನೋಡಿ ಹೇಳಿದ ಹಾಗಾಯ್ತಲ್ಲ," ಅಂದೆ.

ಆಕೆ ಸಿಟ್ಟಾಗಲಿಲ್ಲ. "ಹೆಚ್ಚು ಕಡಿಮೆ ಹಾಗೇ, ಅಮ್ಮ. ತಲೆ ತೆರೆದು ನೋಡೋಕಾಗಲ್ಲವಲ್ಲ."

ಆಮೇಲೆ ಬಂತು ಅಸಲು ವಿಷಯ. ಅರ್ಧ ಜನಕ್ಕೆ ನಿಜವಾದ ಸೂಜಿ, ಇನ್ನರ್ಧ ಜನಕ್ಕೆ ಮೊಂಡು ಸೂಜಿ. ಮೊಂಡು ಸೂಜಿ ನಾಟಕದ ಕತ್ತಿಯಂತೆ. ಒತ್ತಿದರೆ ತನ್ನ ಹಿಡಿಯೊಳಗೆ ತಾನೇ ಸರಿಯುತ್ತದೆ. ಚರ್ಮದ ಮೇಲೆ ಅಂಟಿಸಿದ ಸಣ್ಣ ಬಿಲ್ಲೆಯೊಂದು ಎರಡೂ ಬಗೆಯ ಸೂಜಿಯನ್ನು ನೆಟ್ಟಗೆ ಹಿಡಿದಿರುತ್ತದೆ. ನೋಡುವವರಿಗೆ, ಹಾಕಿಸಿಕೊಂಡವರಿಗೆ ಗೊತ್ತಾಗುವುದಿಲ್ಲ. ಡಾಕ್ಟರಮ್ಮನಿಗೂ ಗೊತ್ತಿಲ್ಲ. ಗೊತ್ತಿರುವುದು ಸೂಜಿ ಹಾಕುವವನೊಬ್ಬನಿಗೆ, ಅವನು ಮಾತಾಡುವಂತಿಲ್ಲ.

"ಸುಳ್ಳು ಸೂಜಿ ಯಾಕೆ?"

"ನಂಬಿಕೆಯಿಂದಲೂ ಮಿದುಳಿನ ರಸಾಯನ ಬದಲಾಗುತ್ತೆ, ಅಮ್ಮ. ಒಳ್ಳೇದಾಗುತ್ತೆ ಅಂತ ಕಾಯ್ತಾ ಇದ್ರೂ ಸಾಕು, ಡೋಪಮಿನ್ ಏರಬಹುದು. ಸೂಜಿಯಿಂದ ಎಷ್ಟು, ನಂಬಿಕೆಯಿಂದ ಎಷ್ಟು ಅಂತ ಬಿಡಿಸಿ ನೋಡ್ಬೇಕಲ್ಲ."

ಸೂಜಿಯವನು ಬಂದ. ನಲವತ್ತರ ಆಸುಪಾಸಿನ ಆಳು, ಮುಖಕ್ಕೆ ಮಾಸ್ಕು. ಅಕ್ಕ ಮಲಗಿದಲ್ಲಿಂದಲೇ ಶುರು ಮಾಡಿದಳು: "ಏನಪ್ಪಾ, ಮಾತೇ ಇಲ್ಲ? ಮೊದಲು ನಿನ್ನ ಬಾಯಿಗೇ ಚುಚ್ಚಿಕೊಂಡ್ಯಾ?" ಅವನ ಭುಜ ಅಲುಗಿತು. ನಕ್ಕಿರಬೇಕು. ನಿಯಮದಲ್ಲಿ ನಗುವುದಕ್ಕೆ ಅನುಮತಿ ಇದೆಯೋ ಇಲ್ಲವೋ.

ಮಾರ್ಚ್ ೨೦, ಗುರುವಾರ

ಪಕ್ಕದ ಮಂಚದ ಹೆಂಗಸಿನ ಗಂಡ ಸಲೂನ್ ಇಟ್ಟಿದ್ದವರು. ಮುದುಕರಾದರೂ ಕೂದಲು ಕಪ್ಪು, ಬಾಚಣಿಗೆ ಇನ್ನೂ ಜೇಬಿನಲ್ಲಿ. "ನನ್ನ ಕೈಯಲ್ಲಿ ಎಷ್ಟು ಸಾವಿರ ತಲೆ ಹೋಗಿವೆಯೋ ಅಮ್ಮ, ಒಳಗೇನಿದೆ ಅಂತ ಒಂದೂ ತೋರಿಸಲಿಲ್ಲ. ಇವರಿಗೆ ಮೂರು ತಿಂಗಳಲ್ಲಿ ತೋರಿಸುತ್ತಾ?" ಅಂದರು. ಈ ಕಟ್ಟಡದಲ್ಲಿ ಇರುವ ಒಬ್ಬನೇ ಬುದ್ಧಿವಂತ.

ಅವರ ಹೆಂಡತಿಯ ಮೊಣಕಾಲಿನ ಕೆಳಗೆ ಸೂಜಿ ತೆಗೆದ ಮೇಲೆ ಪುಟ್ಟ ಕೆಂಪು ಚುಕ್ಕೆಗಳಿದ್ದವು. ಮನೆಗೆ ಬಂದು ಅಕ್ಕನ ಕಾಲು ನೋಡಿದೆ. ಏನೂ ಇಲ್ಲ. ತಲೆ ಬಾಚುವ ನೆಪದಲ್ಲಿ ನೆತ್ತಿ ನೋಡಿದೆ. ಏನೂ ಇಲ್ಲ.

"ಹೇನು ಹುಡುಕ್ತಿದ್ದೀಯಾ?" ಅಂದಳು.

ನನ್ನ ಅಕ್ಕನಿಗೆ ಮೊಂಡು ಸೂಜಿ ಹಾಕುತ್ತಿದ್ದಾರೆ!

ಮಾರ್ಚ್ ೨೧, ಶುಕ್ರವಾರ

ಸಿಟ್ಟು ಇಳಿಯುತ್ತಿಲ್ಲ. ಮುಂಜಾನೆಯಿಂದ ಬಸ್ಸಿನವನ ಮೇಲೆ, ಹಾಲಿನ ಡಬ್ಬಿಯ ಮುಚ್ಚಳದ ಮೇಲೆ, ಮೇಲಿನ ಮನೆಯವರ ಚಪ್ಪಲಿ ಸದ್ದಿನ ಮೇಲೆ ಹಾಯ್ದೆ. ಮೋಸ ಮಾಡುವುದಾದರೆ ನೆಟ್ಟಗೆ ಮೋಸ ಮಾಡಲಿ. ಮೋಸದಲ್ಲೂ ಕಲಬೆರಕೆಯೇ? ಡಾಕ್ಟರಮ್ಮನಿಗೆ ಫೋನ್ ಮಾಡಿ, ನಮಗೆ ಚೂಪು ಸೂಜಿಯೇ ಬೇಕು ಅಂದೆ.

"ಅದು ನನ್ನ ಕೈಯಲ್ಲಿಲ್ಲ ಅಮ್ಮ. ನೀವು ಸೂಜಿ ನಂಬಲ್ಲ ಅಂದಿದ್ರಲ್ಲ?"

"ನಂಬಲ್ಲ. ಆದ್ರೆ ನಂಬದೇ ಇರೋದು ಅಸಲೀ ಇರ್ಬೇಕು!"

ಫೋನಿಟ್ಟ ಮೇಲೆ ಆ ಮಾತು ನನಗೇ ಅರ್ಥವಾಗಲಿಲ್ಲ.

ಮಾರ್ಚ್ ೨೭, ಗುರುವಾರ

ಡಾಕ್ಟರಮ್ಮ ಪರದೆಯ ಈಚೆ ನನ್ನೆದುರು ಕುಳಿತು ವಾಡಿಕೆಯ ಪ್ರಶ್ನೆ ಕೇಳಿದರು. ತಿಂಗಳ ಕೊನೆಯಾದ್ದರಿಂದ ಉತ್ತರಗಳ ಸಾರಾಂಶ ಅಕ್ಕನ ಮಗಳಿಗೂ ಹೋಗುತ್ತದೆ ಎಂದರು. ಅದು ನನಗೆ ಇವತ್ತೇ ಗೊತ್ತಾದದ್ದು.

"ಈ ವಾರ ಮನೆ ಕೆಲಸ ಏನಾದ್ರೂ ತಾವಾಗೇ ಮಾಡಿದ್ರಾ?"

ಈ ವಾರ ಅಕ್ಕ ಹಾಲಿನ ಪಾತ್ರೆಯನ್ನು ಬಟ್ಟೆಯ ಕಪಾಟಿನಲ್ಲಿ ಇಟ್ಟಿದ್ದಳು. ನಾನು ಅದನ್ನು ಮೂಗಿನಿಂದ ಪತ್ತೆ ಹಚ್ಚಿದೆ. ಸೋಮವಾರ ಇಡೀ ಸಂಜೆ ತನ್ನ ಕಾರನ್ನು ಯಾರು ಕದ್ದರೆಂದು ಕೂಗಾಡಿದಳು. ಅದನ್ನು ಮಾರಿ ಯಾವ ಕಾಲವಾಯಿತು.

"ಚಹಾ ಮಾಡಿದ್ಲು," ಅಂದೆ.

"ಒಬ್ಬರೇ?"

"ಒಬ್ಬಳೇ. ಒಲೆ ಹಚ್ಚಿ, ಆರಿಸಿ, ಲೋಟ ತೊಳೆದು ಕೂಡ ಇಟ್ಲು."

ಲೋಟ ತೊಳೆದದ್ದು ಹೇಗೆ ಬಾಯಿಗೆ ಬಂತೋ. ಡಾಕ್ಟರಮ್ಮನ ಮುಖ ಅರಳಿತು. ಇದನ್ನು ಸುಳ್ಳೆನ್ನಲಾಗದು. ನಾಳೆ ಮಾಡಬಹುದಾದದ್ದನ್ನು ಇವತ್ತು ಹೇಳಿದೆ ಅಷ್ಟೇ. ಮೊಂಡು ಸೂಜಿ ಹಾಕುವವರಿಗೆ ಚೂಪು ಉತ್ತರ ಕೊಡಬೇಕೆಂದು ಯಾವ ಧರ್ಮಶಾಸ್ತ್ರದಲ್ಲಿದೆ?

ಮಾರ್ಚ್ ೨೯, ಶನಿವಾರ

ಬೆಳಗ್ಗೆ ಅಡುಗೆಮನೆಯಲ್ಲಿ ಸದ್ದು. ಓಡಿದೆ. ಅಕ್ಕ ಒಲೆ ಹಚ್ಚಿ ನಿಂತಿದ್ದಳು. ನೀರು ಕುದಿಯುತ್ತಿತ್ತು.

"ಏನ್ಮಾಡ್ತಿದ್ದೀಯ?"

"ಕಾಣಲ್ವಾ? ಚಹಾ. ನಾನೇ ಮಾಡ್ತೀನಲ್ಲ."

ಸಕ್ಕರೆ ಎರಡು ಸಲ ಹಾಕಿದಳು. ಒಲೆ ಆರಿಸಿದಳು. ಕುಡಿದು ಎದ್ದು ಲೋಟ ತೊಳೆದಳು! ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತೇ ಇದ್ದೆ. ವರ್ಷದಿಂದ ಅವಳು ಚಹಾ ಮಾಡಿರಲಿಲ್ಲ.

ಹಾಗಾದರೆ ಆ ರಸಾಯನದ ಕಥೆಯಲ್ಲಿ ಹುರುಳಿದೆ. ಮೊಂಡು ಸೂಜಿಗೇ ಇಷ್ಟು ಆದರೆ, ಚೂಪು ಸೂಜಿ ಕೊಟ್ಟಿದ್ದರೆ ಇಷ್ಟು ಹೊತ್ತಿಗೆ ಕಾರೇ ಓಡಿಸುತ್ತಿದ್ದಳು. ಇದು ಅನ್ಯಾಯವಲ್ಲದೆ ಮತ್ತೇನು? ಪತ್ರಿಕೆಯ ಪತ್ರದ ತಲೆಬರಹ ಹೊಡೆದು ಹಾಕಿದೆ. ಹೊಸದು: 'ಎಲ್ಲರಿಗೂ ನಿಜವಾದ ಸೂಜಿ'.

ಏಪ್ರಿಲ್ ೧೦, ಗುರುವಾರ

ಬ್ರೆಡ್ಡನ್ನು ಮೂಲೆ ಅಂಗಡಿಯಿಂದ ಅವಳೇ ತರುತ್ತಾಳೆಂದು ಹೇಳಿದೆ. ಪರದೆಯ ಆಚೆ ಅಕ್ಕ ಕೆಮ್ಮಿದಳು.

ಮನೆಗೆ ಬರುವಾಗ ಬಸ್ಸಿನಲ್ಲಿ ಕೇಳಿದಳು: "ನಾನು ಅಂಗಡಿಗೆ ಹೋಗಿದ್ನಾ?"

"ಯಾಕೆ?"

"ನೆನಪಾಗ್ತಿಲ್ಲ." ಬಸ್ಸಿನವನು ತಡವಾಗಿ ಬ್ರೇಕ್ ಹಾಕಿದಾಗ ಅವಳ ಬಲಗಾಲು ತಾನಾಗಿ ನೆಲ ಒತ್ತಿತು. "ಹೋಗಿರ್ಬೇಕು ಬಿಡು. ನೀನು ಸುಳ್ಳು ಹೇಳೋಳಲ್ಲ. ಚಿಕ್ಕೋಳಿದ್ದಾಗ ನನ್ನ ಮೇಲೆ ಚಾಡಿ ಹೇಳೋವಾಗಲೂ ನಿಜಾನೇ ಹೇಳ್ತಿದ್ದೆ, ಶನಿ."

ಏಪ್ರಿಲ್ ೧೨, ಶನಿವಾರ

ಬ್ರೆಡ್ ತಂದಳು. ಜೊತೆಗೆ ಅಂಗಡಿಯವನ ಛತ್ರಿಯನ್ನೂ ತಂದಿದ್ದಾಳೆ. ವಾಪಸು ಕೊಡಲು ಹೋದರೆ ಅವನು ನಗುತ್ತಿದ್ದ. "ನಂಗೆ ಕ್ಲಚ್ ಕಲಿಸಿದ ಮೇಡಮ್ಮು. ಛತ್ರಿ ಅಲ್ಲ, ಅಂಗಡೀನೇ ತಗೊಂಡೋಗ್ಲಿ ಬಿಡಿ."

ತಲೆ ಬಾಚಿಕೊಂಡಿದ್ದಳು ಕೂಡ. ಬೈತಲೆ ವಾರೆಯಾಗಿತ್ತು. ಆದರೂ ಬೈತಲೆ.

ಏಪ್ರಿಲ್ ೨೪, ಗುರುವಾರ

ಅಕ್ಕನ ಮಗಳ ಫೋನು. ಮೊದಲ ಸಾರಾಂಶ ಓದಿ ಅತ್ತಳಂತೆ. "ಆದ್ರೂ ಒಬ್ಬರೇ ಹೊರಗೆ ಹೋಗಿ ಬರೋ ಹಾಗಾದ್ರೆ ಮಾತ್ರ ನಂಗೆ ಧೈರ್ಯ, ಚಿಕ್ಕಮ್ಮ. ಕೋಣೆಗೆ ಹೂಂ ಅಂತ ಅವರಿಗೆ ಜೂನ್ ಒಳಗೆ ಹೇಳ್ಬೇಕು."

ಇಂದಿನ ಪ್ರಶ್ನೆಗೆ ನನ್ನ ಉತ್ತರ: "ಬಸ್ಸಲ್ಲಿ ಒಬ್ಬಳೇ ಹೋಗಿ ಬರ್ತಾಳೆ. ಈ ಆಸ್ಪತ್ರೆಗೆ ಕೂಡ ಬೇಕಾದ್ರೆ ಅವಳೊಬ್ಬಳೇ ಬರ್ತಾಳೆ, ನಾನೇ ಸುಮ್ಮನೆ ಜೊತೆಗೆ."

ಸಲೂನಿನವರು ನನ್ನನ್ನು ನೋಡಿದರು. ಬಾಚಣಿಗೆ ತೆಗೆದು ತಮ್ಮ ತಲೆ ಬಾಚಿಕೊಂಡರು. ಆ ಮನುಷ್ಯನ ನೋಟ ನನಗೆ ಇಷ್ಟವಾಗಲಿಲ್ಲ. ಬುದ್ಧಿವಂತನೆಂದು ಬರೆದದ್ದು ಅವಸರವಾಯಿತು.

ಮೇ ೫, ಸೋಮವಾರ

ಬಾಗಿಲಿಗೆ ಒಳಗಿನಿಂದ ಬೀಗ ಹಾಕಿ ಬರೆಯುತ್ತಿದ್ದೇನೆ.

ಮಧ್ಯಾಹ್ನ ನಾನು ಬಟ್ಟೆ ಒಣಗಿಸಲು ಮಹಡಿಗೆ ಹೋಗಿ ಬರುವಷ್ಟರಲ್ಲಿ ಬಾಗಿಲು ತೆರೆದಿತ್ತು, ಅಕ್ಕ ಇರಲಿಲ್ಲ. ಮೂಲೆ ಅಂಗಡಿಯಲ್ಲಿ ಇಲ್ಲ. ಪಾರ್ಕಿನಲ್ಲಿ ಇಲ್ಲ. ಅವಳ ಹಳೆಯ ಸ್ಕೂಲಿದ್ದ ಗ್ಯಾರೇಜಿನಲ್ಲಿ ಇಲ್ಲ. ಪೊಲೀಸಿನವನು ಅವಳ ಬಟ್ಟೆಯ ಬಣ್ಣ ಕೇಳಿದ. ಸುದ್ದಿಯ ತುಣುಕುಗಳನ್ನೆಲ್ಲ ನೆನಪಿಟ್ಟುಕೊಂಡವಳು ನಾನು, ಬೆಳಗ್ಗೆ ನಾನೇ ತೊಡಿಸಿದ ಬಟ್ಟೆಯ ಬಣ್ಣ ಹೇಳಲಾರದೆ ಅವನ ಮೇಜಿನೆದುರು ನಿಂತೆ.

ಆಗ ಡಾಕ್ಟರಮ್ಮನ ಫೋನು ಬಂತು. ಅಕ್ಕ ಆಸ್ಪತ್ರೆಯಲ್ಲಿ, ತನ್ನ ಮಂಚದ ಮೇಲೆ ಮಲಗಿ ಸೂಜಿಗಾಗಿ ಕಾಯುತ್ತಿದ್ದಾಳೆ! ಇವತ್ತು ಸೂಜಿಯ ದಿನವೇ ಅಲ್ಲ.

ಹೋಗಿ ನೋಡಿದರೆ ಮೊಣಕೈ ತರಚಿಹೋಗಿತ್ತು, ಕೋಟಿನ ತೋಳು ಹರಿದಿತ್ತು. ಆಸ್ಪತ್ರೆಯೆದುರಿನ ದೊಡ್ಡ ರಸ್ತೆಯಲ್ಲಿ ಬಸ್ಸಿಗೆ ಅಡ್ಡ ಬಂದು ಬಿದ್ದಳಂತೆ. ಬಸ್ಸು ಎಷ್ಟು ಹತ್ತಿರ ನಿಂತಿತೆಂದು, ಅವಳನ್ನು ಎಬ್ಬಿಸಿ ಒಳಗೆ ಕರೆತಂದ ಹೆಂಗಸು ತನ್ನ ಎರಡು ಅಂಗೈ ಹಿಡಿದು ತೋರಿಸಿದಳು. ನಡುವೆ ಒಂದು ಬ್ರೆಡ್ಡು ಹಿಡಿಸುವಷ್ಟು ಜಾಗ.

ಡಾಕ್ಟರಮ್ಮನಿಗೆ ಮಾತ್ರ ಹಿಗ್ಗು. "ಪೆಟ್ಟು ದೊಡ್ಡದಲ್ಲ ಅಮ್ಮ. ಆದ್ರೆ ನೋಡಿ, ಒಬ್ಬರೇ ಬಂದಿದ್ದಾರೆ! ನೀವು ಹೇಳಿದ ಹಾಗೇ!"

ನಾನು ಅಕ್ಕನ ಮೇಲೆ ಕೂಗಿದೆ. ಇಡೀ ಕೋಣೆ ಕೇಳುವಂತೆ ಕೂಗಿದೆ. "ಯಾರು ನಿನ್ನ ಒಬ್ಬಳೇ ಹೊರಡು ಅಂದಿದ್ದು?"

ಅವಳಿಗೆ ಆಶ್ಚರ್ಯ. "ನೀನೇ ಅಂದ್ಯಲ್ಲೇ. ಅಲ್ಲಿ ಕೂತು ಡಾಕ್ಟ್ರಿಗೆ ಹೇಳ್ತಿದ್ಯಲ್ಲ, ನಾನು ಬಸ್ಸಲ್ಲಿ ಒಬ್ಬಳೇ ಬರ್ತೀನಿ ಅಂತ. ಚಹಾ ಮಾಡ್ತೀನಿ, ಬ್ರೆಡ್ ತರ್ತೀನಿ ಅಂತ. ನಂಗೆ ಮರೆತು ಹೋಗಿರುತ್ತೆ. ನಿನಗೆ ನೆನಪಿರುತ್ತಲ್ಲ. ಅದಕ್ಕೇ ಕೇಳಿಸ್ಕೋತೀನಿ."

ಪರದೆ. ಬಟ್ಟೆಯ ಪರದೆ. ಕೋಟಿಗಟ್ಟಲೆ ಸುರಿದು ಮಿದುಳಿನ ರಸಾಯನ ಅಳೆಯುವವರಿಗೆ ಒಂದು ಗೋಡೆ ಕಟ್ಟಲು ಆಗಲಿಲ್ಲವೇ? ಮಾತಿಗೆ ಬಟ್ಟೆ ಅಡ್ಡ ಬರುವುದಿಲ್ಲವೆಂದು ಇವರ ಯಾವ ಪುಸ್ತಕದಲ್ಲೂ ಇರಲಿಲ್ಲವೇ? ನಾಳೆಯೇ ಆಸ್ಪತ್ರೆಯ ಮೇಲೆ ದೂರು ಬರೆಯುತ್ತೇನೆ.

ಮೇ ೬, ಮಂಗಳವಾರ

ದೂರು ಬರೆಯಲಾಗಲಿಲ್ಲ. 'ಗೋಡೆ ಇಲ್ಲದ ಕಾರಣ' ಎಂದು ಬರೆದು, ಮುಂದೆ ಏನನ್ನು ಯಾರು ಕೇಳಿಸಿಕೊಂಡರು ಎಂದು ಬರೆಯಬೇಕಾದಲ್ಲಿ ಪೆನ್ನು ನಿಂತಿತು.

ಮೇ ೧೫, ಗುರುವಾರ

ಪ್ರಶ್ನೆಗಳಿಗೆ, "ಹೋದ ವಾರದ ಹಾಗೇ," ಎಂದೆ. ಹಗಲೆಲ್ಲ ಅವಳ ಹಿಂದೆ ಹಿಂದೆ ತಿರುಗುತ್ತೇನೆ. ಸುಸ್ತು.

ಜೂನ್ ೫, ಗುರುವಾರ

ಇವತ್ತು ಕೊನೆ. ಅಕ್ಕನ ಮಗಳೂ ಬಂದಿದ್ದಳು. ಅಕ್ಕ ಪರದೆಯಾಚೆ ಸೂಜಿ ಹಾಕಿಸಿಕೊಂಡು ಮಲಗಿದ್ದಳು. ಈಚೆ ನಾವು ಮೂವರು.

ಡಾಕ್ಟರಮ್ಮ ಹೇಳಿದರು: ನೆನಪಿನ ಪರೀಕ್ಷೆಯಲ್ಲಿ ಮಾರ್ಚ್‌ನಲ್ಲಿ ಎಲ್ಲಿದ್ದರೋ ಅಲ್ಲೇ ಇದ್ದಾರೆ. ರಕ್ತದ ಫಲಿತಾಂಶ ಎಲ್ಲರದ್ದೂ ಒಟ್ಟಿಗೆ ಬರಬೇಕು. ಆದರೆ ಮನೆಯವರ ಉತ್ತರಗಳಲ್ಲಿ ಇವರಷ್ಟು ಸುಧಾರಿಸಿದವರು ಇಡೀ ಅಧ್ಯಯನದಲ್ಲಿ ಬೇರೆ ಯಾರೂ ಇಲ್ಲ.

ಅಕ್ಕನ ಮಗಳು ನನ್ನ ಕೈ ಹಿಡಿದುಕೊಂಡಳು. "ಕೋಣೆ ಬೇಡ ಅಂತೀನಿ ಚಿಕ್ಕಮ್ಮ. ಅಮ್ಮ ಈಗ ಒಬ್ಬರೇ ಓಡಾಡ್ತಾರೆ ಅಂದ್ರೆ ನೀವೂ ಸ್ವಲ್ಪ ಆರಾಮಾಗಿರಿ. ಬಾಗಿಲು ಕಾಯೋ ಕೆಲಸ ಬಿಡಿ."

ನನಗೆ ಬೇಕಾದದ್ದು ಸಿಕ್ಕಿತ್ತು. ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಆದರೆ ಆ ಹೆಂಗಸಿನ ಎರಡು ಅಂಗೈ ಕಣ್ಣ ಮುಂದೆ ಬಂತು.

"ನಿಮ್ಮ ಅಧ್ಯಯನ ದಂಡ," ಅಂದೆ ಡಾಕ್ಟರಮ್ಮನಿಗೆ. ನನ್ನ ದನಿ ಜಗಳದ ದನಿಯೇ ಆಗಿತ್ತು. "ನಿಮ್ಮ ಪರದೆ ದಂಡ. ನಾನು ಹೇಳಿದ್ದೆಲ್ಲ ಸುಳ್ಳು. ಅವಳು ಏನೂ ಮಾಡ್ತಿರಲಿಲ್ಲ. ನಾನು ಹೇಳಿದ್ದನ್ನ ಕೇಳಿಸ್ಕೊಂಡು ಆಮೇಲೆ ಮಾಡೋಕೆ ಹೋದ್ಲು. ಬಸ್ಸಿನ ಕೆಳಗೆ ಬೀಳ್ತಿದ್ಲು."

ಡಾಕ್ಟರಮ್ಮನ ಕೈಯಲ್ಲಿ ಪೆನ್ನಿನ ಮುಚ್ಚಳ ನಿಂತಿತು. "ಅಮ್ಮ, ಹಾಗಾದ್ರೆ ನಿಮ್ಮ ಉತ್ತರಗಳನ್ನ ನಾನು ಬಳಸೋ ಹಾಗಿಲ್ಲ."

"ಬಳಸ್ಬೇಡಿ. ನನ್ನನ್ನ ಕೇಳಿದ್ದೇ ತಪ್ಪು."

ಅಕ್ಕನ ಮಗಳು ನನ್ನ ಕೈ ಬಿಟ್ಟಳು. "ಒಲೆ ವಿಷಯದಲ್ಲೂ ಸುಳ್ಳಾ? ಗ್ಯಾಸ್ ವಿಷಯದಲ್ಲಿ? ಅಮ್ಮನಿಗೆ ಏನಾದ್ರೂ ಆಗಿದ್ರೆ? ಜಗತ್ತಿನ ಕಳ್ಳರನ್ನೆಲ್ಲ ಹಿಡೀತೀರಲ್ಲ ಚಿಕ್ಕಮ್ಮ, ನಾನು ನಂಬಿದ್ದು ನಿಮ್ಮೊಬ್ಬರನ್ನೇ!"

ಅಷ್ಟರಲ್ಲಿ ಪರದೆ ಸರ್ರನೆ ಸರಿಯಿತು. ಅಕ್ಕ ಮಂಚದ ಮೇಲೆ ಎದ್ದು ಕುಳಿತಿದ್ದಳು, ನೆತ್ತಿಯ ಮೇಲೆ ಸೂಜಿಗಳು ಓಲಾಡುತ್ತಿದ್ದವು.

"ಡಾಕ್ಟ್ರೇ, ಅವಳ ಮಾತು ನಂಬ್ಬೇಡಿ. ಚಹಾ ನಾನೇ ಮಾಡೋದು. ಬ್ರೆಡ್ ನಾನೇ ತರೋದು. ಅಂಗಡಿಯವನ್ನ ಕೇಳಿ. ಇವಳಿಗೆ ಚಿಕ್ಕಂದಿನಿಂದ ಒಂದೇ ಕಾಯಿಲೆ, ಎಲ್ಲದ್ರಲ್ಲೂ ತಪ್ಪು ಹುಡುಕೋದು."

"ಅಮ್ಮ, ನನ್ನ ಜೊತೆ ಊರಿಗೆ ಬರ್ತೀಯಾ?" ಮಗಳ ದನಿ ಒಡೆದಿತ್ತು.

"ಬರ್ತೀನಿ, ಹಬ್ಬಕ್ಕೋ ರಜಕ್ಕೋ. ಇರೋಕೆ ಬರಲ್ಲ. ಇವಳನ್ನ ಯಾರು ನೋಡ್ಕೋತಾರೆ? ಡ್ರೈವಿಂಗ್ ಟೆಸ್ಟಿಗೆ ಎಷ್ಟು ಸಲ ಕಳಿಸಿದ್ರೂ ಫೇಲು. ನನ್ನ ಸ್ಕೂಲಿಗೇ ಕೆಟ್ಟ ಹೆಸರು."

ಸೂಜಿಯವನು ಓಡಿಬಂದು ಅವಳನ್ನು ಮಲಗಿಸಿದ. ಎದ್ದು ಕುಳಿತ ರಭಸಕ್ಕೆ ನೆತ್ತಿಯ ಸೂಜಿಯೊಂದು ಸಡಿಲಾಗಿ ಬಿತ್ತು. ಅದಿದ್ದ ಜಾಗದಲ್ಲಿ, ಬಿಳಿಗೂದಲಿನ ನಡುವೆ, ಸಾಸಿವೆಯಷ್ಟು ರಕ್ತ ಮೂಡಿತು.

ಮೊಂಡು ಸೂಜಿಗೆ ರಕ್ತ ಬರುವುದಿಲ್ಲ.

ಮೊದಲಿಂದಲೂ ಅವಳಿಗೆ ನಿಜವಾದದ್ದನ್ನೇ ಹಾಕಿದ್ದರು. ಸಲೂನಿನವರ ಹೆಂಡತಿಯ ಕೆಂಪು ಚುಕ್ಕೆ ಬಿಲ್ಲೆಯ ಅಂಟಿನದ್ದಿರಬೇಕು. ಸೂಜಿಯವನು ಹತ್ತಿಯಿಂದ ರಕ್ತ ಒರೆಸುತ್ತ ನನ್ನ ಕಡೆ ನೋಡಿದ, ಈಗಲೂ ಮಾತಿಲ್ಲ. ಚಹಾ ಮಾಡಿಸಿದ್ದು ಸೂಜಿಯೋ, ನನ್ನ ಬಾಯೋ? ಕೇಳಿದರೆ ಡಾಕ್ಟರಮ್ಮ, "ನಿಮ್ಮಿಂದಾಗಿ ಇನ್ನು ಯಾವತ್ತೂ ಗೊತ್ತಾಗಲ್ಲ, ಅಮ್ಮ," ಅಂದರು. ಆಕೆಯ ಕಣ್ಣಿನಲ್ಲಿ ನೀರಿತ್ತು. ಆಕೆಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಇದೇ ಮೊದಲು. ಚೆನ್ನಾಗಿ ಬೈದಿದ್ದರೆ ಎಷ್ಟೋ ಮೇಲಿತ್ತು.

ಜೂನ್ ೧೭, ಮಂಗಳವಾರ

ಅಕ್ಕನ ಮಗಳು ರಜೆ ಹಾಕಿ ನಮ್ಮಲ್ಲೇ ಉಳಿದಿದ್ದಾಳೆ. ಡಾಕ್ಟರ ಮಾತೂ ಬೇಡ, ನನ್ನ ಮಾತಂತೂ ಬೇಡವೇ ಬೇಡ, ಕಣ್ಣಾರೆ ನೋಡುತ್ತೇನೆ ಎಂದಿದ್ದಳು. ನೋಡಿದಳು. ಅಮ್ಮ ಚಹಾ ಮಾಡುವುದನ್ನು ನೋಡಿದಳು, ಒಂದು ದಿನ ಒಲೆ ಆರಿಸದೆ ಬಂದದ್ದನ್ನೂ ನೋಡಿದಳು. ಅಂಗಡಿಗೆ ಹೊರಟವಳು ರಸ್ತೆಯ ನಡುವೆ ಕೈಯೆತ್ತಿ ಕಾರುಗಳನ್ನು ನಿಲ್ಲಿಸಿ, ಒಬ್ಬ ಚಾಲಕನಿಗೆ ಕನ್ನಡಿ ಸರಿಮಾಡಿಕೊಳ್ಳಲು ಹೇಳಿದ್ದನ್ನು ನೋಡಿ ನನ್ನ ಭುಜ ಗಟ್ಟಿಯಾಗಿ ಹಿಡಿದುಕೊಂಡಳು.

ಇವತ್ತು ಹೊರಟಳು. ಕೋಣೆಗೆ ಬೇಡವೆಂದು ಹೇಳಿದ್ದಾಳೆ; ಬರಲೊಲ್ಲೆ ಎಂದ ಅಮ್ಮನನ್ನು ಎಳೆದೊಯ್ಯಲು ಮನಸ್ಸಾಗಲಿಲ್ಲವಂತೆ. ಗ್ಯಾಸ್ ಒಲೆ ತೆಗೆಸಿ, ತಾನಾಗಿ ಆರುವ ವಿದ್ಯುತ್ ಕೆಟಲ್ ಇಡಿಸಿದ್ದಾಳೆ. ಅಕ್ಕ ಹೊರಗೆ ಹೋದರೆ ನಾನು ಪಕ್ಕದಲ್ಲಿರಬೇಕು. ಭಾನುವಾರ ಫೋನಿನಲ್ಲಿ ಇದ್ದದ್ದನ್ನು ಇದ್ದಂತೆ ಹೇಳಬೇಕು. "ಒಂದು ಸಲ ಸುಳ್ಳು ಸಿಕ್ಕಿದ್ರೂ ಮಾರನೇ ದಿನ ಬಂದು ಕರ್ಕೊಂಡ್ಹೋಗ್ತೀನಿ."

ನನಗೆ ಷರತ್ತು! ಮಂತ್ರಿಗಳ ಸುಳ್ಳನ್ನು ದಿನಾಂಕ ಸಮೇತ ಹೇಳಬಲ್ಲವಳಿಗೆ, ನಾನೆತ್ತಿ ಆಡಿಸಿದ ಹುಡುಗಿಯಿಂದ ಷರತ್ತು. "ಆಯ್ತು," ಅಂದೆ.

ಜೂನ್ ೨೨, ಭಾನುವಾರ

ಫೋನು ಬಂದಾಗ ಅಕ್ಕ ಪಕ್ಕದ ಕೋಣೆಯಲ್ಲಿದ್ದಳು. ನಾನು ಚಪ್ಪಲಿ ಮೆಟ್ಟಿ ಹೊರಗೆ ಬಂದು, ಬಾಗಿಲೆಳೆದುಕೊಂಡು, ಮೆಟ್ಟಿಲ ಮೇಲೆ ಕುಳಿತೆ. ಅಲ್ಲಿಂದ ಎಲ್ಲ ಹೇಳಿದೆ. ಮಂಗಳವಾರ ರಾತ್ರಿ ಬಟ್ಟೆ ಒದ್ದೆ ಮಾಡಿಕೊಂಡದ್ದು. ಗುರುವಾರ ಬೆಳಗ್ಗೆಯೇ ಕೋಟು ತೊಟ್ಟು, ಸೂಜಿಗೆ ಹೊತ್ತಾಯಿತೆಂದು ಹಟ ಮಾಡಿದ್ದು. ನಿನ್ನೆ ಊಟದ ನಡುವೆ ನನ್ನ ಮುಖವನ್ನು ಬಹಳ ಹೊತ್ತು ನೋಡಿ, ತುಂಬ ಮರ್ಯಾದೆಯಿಂದ, "ನಿಮ್ಮ ಮನೆ ಯಾವ ಕಡೆ?" ಎಂದು ಕೇಳಿದ್ದು.

"ನೀವೇನಂದ್ರಿ?" ಫೋನಿನಲ್ಲಿ ಅವಳು ಕೇಳಿದಳು.

"ಇದೇ ರಸ್ತೆ ಅಂದೆ."

ಅವಳು ಮೂಗು ಸೀಟುವುದು ಕೇಳಿಸಿತು. ಮೇಲಿನ ಮನೆಯವರು ಮೆಟ್ಟಿಲಿಳಿದು ಬಂದರು. ಅವರಿಗೆ ದಾರಿ ಬಿಡಲು ನಾನು ಗೋಡೆಗೆ ಒತ್ತಿ ಕುಳಿತೆ. ಮೆಟ್ಟಿಲು ಯಾವತ್ತೂ ಯಾರೂ ಗುಡಿಸುವುದಿಲ್ಲ. ಪುರಸಭೆಗೆ ಬರೆಯಬೇಕು.

ಒಳಗೆ ಹೋದಾಗ ಅಕ್ಕ ಬಾಗಿಲ ಕಡೆಗೇ ಮುಖ ಮಾಡಿ ಕುಳಿತಿದ್ದಳು. "ಯಾರ ಹತ್ರ ಅಷ್ಟೊತ್ತು? ನನ್ನ ವಿಷಯಾನಾ?"

"ನಿನ್ನ ಮಗಳು."

"ಏನ್ ಹೇಳ್ದೆ?"

"ಕಿಟಕಿ ಗಾಜೆಲ್ಲ ನೀನೇ ಒರೆಸ್ತೀಯಾ, ನಮ್ಮ ಮನೆ ಗಾಜಿನಷ್ಟು ಶುಭ್ರ ಈ ಬೀದೀಲಿ ಯಾರದ್ದೂ ಇಲ್ಲ ಅಂದೆ."

ಅವಳು ಕಿಟಕಿಯ ಕಡೆ ತಿರುಗಿದಳು. ಗಾಜಿನ ಮೇಲೆ ಧೂಳು ಎಷ್ಟಿತ್ತೆಂದರೆ ಎದುರಿನ ಕಟ್ಟಡ ಸರಿಯಾಗಿ ಕಾಣುತ್ತಿರಲಿಲ್ಲ.

"ಈ ವಾರ ಬಿಟ್ಟುಹೋಗಿದೆ ನೋಡು," ಅಂದಳು, ಎದ್ದು ಬಟ್ಟೆಚೂರು ಹುಡುಕುತ್ತ. "ಮೇಲಿನ ಗಾಜು ನನಗೆ ಎಟುಕಲ್ಲ. ಅದು ನಿಂದು."